ಅತಿಥಿಗೆ ಕೋಣೆಯ ಜೊತೆಗೆ ಒಲೆಯನ್ನೂ ಕೊಡೋಣ

ನಮ್ಮ ಸಂಘದ ಸದಸ್ಯರಲ್ಲಿ ಹಲವರು ಇಂದು ಕಾಫಿ, ಅಡಿಕೆ, ಮೆಣಸಿನ ಜೊತೆಗೆ ಇನ್ನೊಂದು ಬೆಳೆಯನ್ನೂ ತೆಗೆಯುತ್ತಿದ್ದಾರೆ. ಅದು ಅತಿಥಿಗಳ ಬೆಳೆ. 1996ರಲ್ಲಿ ಕಾಫಿ ಮಂಡಳಿಯ ಪೂಲ್ ಪದ್ಧತಿ ಕೊನೆಗೊಂಡು ಮಾರುಕಟ್ಟೆ ಪೂರ್ತಿ ಮುಕ್ತವಾದ ಮೇಲೆ ನಾವು ಬೆಲೆಯ ಏರಿಕೆಯನ್ನೂ ಕಂಡೆವು, ಇಳಿತವನ್ನೂ ಕಂಡೆವು. 2001-02ರ ಸುಮಾರಿಗೆ ಬೆಲೆ ನೆಲಕಚ್ಚಿದಾಗ ಮನೆಯ ಒಂದೆರಡು ಕೋಣೆಗಳನ್ನು ಪ್ರವಾಸಿಗರಿಗೆ ತೆರೆದು ಸಾಲದ ಕಂತು ಕಟ್ಟಿದ ಬೆಳೆಗಾರರು ಕೊಡಗಿನಲ್ಲೂ ಚಿಕ್ಕಮಗಳೂರಿನಲ್ಲೂ ಇದ್ದಾರೆ. ಆಮೇಲೆ ಬೆಲೆ ಚೇತರಿಸಿಕೊಂಡಿತು, ಆದರೆ ಹೋಂ ಸ್ಟೇ ಉಳಿದುಕೊಂಡಿತು. ಅಡಿಕೆ ಸೀಮೆಗೂ ಅದು ಹಬ್ಬಿದೆ.

ಈ ಹೋಂ ಸ್ಟೇಗಳಲ್ಲಿ ನಾವು ಕೋಣೆ ಕೊಡುತ್ತೇವೆ, ಹಾಸಿಗೆ ಕೊಡುತ್ತೇವೆ, ಬಿಸಿನೀರು ಕೊಡುತ್ತೇವೆ, ಮೂರು ಹೊತ್ತಿನ ಊಟವನ್ನೂ ಕೊಡುತ್ತೇವೆ. ಕೊಡದಿರುವುದು ಒಂದೇ, ಒಲೆ. ಅತಿಥಿ ತನ್ನ ಅಡುಗೆಯನ್ನು ತಾನೇ ಮಾಡಿಕೊಳ್ಳುತ್ತೇನೆಂದರೆ ನಮ್ಮಲ್ಲಿ ಬಹಳ ಜನರಿಗೆ ಅದು ಅವಮಾನದಂತೆ ಕೇಳಿಸುತ್ತದೆ, ಇಲ್ಲವೇ ನಷ್ಟದಂತೆ ಕಾಣುತ್ತದೆ. ಇದು ಎರಡೂ ಅಲ್ಲ. ಕೋಣೆಯ ಜೊತೆಗೆ ಒಲೆಯನ್ನೂ ಕೊಡುವುದರಿಂದ ಬರುವವರಿಗೆ ಅನುಕೂಲ, ನಮ್ಮ ಮನೆಯ ಹೆಂಗಸರಿಗೆ ಬಿಡುವು, ಖಾಲಿ ಬೀಳುವ ದಿನಗಳಿಗೆ ಆದಾಯ, ನಮ್ಮ ಕಾಡು ತೋಟಗಳಿಗೆ ಬೆಂಕಿಯಿಂದ ರಕ್ಷಣೆ ಎಂಬುದು ನನ್ನ ಅಭಿಪ್ರಾಯ. ಅದನ್ನು ಸದಸ್ಯರ ಮುಂದಿಡುವುದಕ್ಕಾಗಿ ಈ ಲೇಖನ.

ಯಾರ ಸಲುವಾಗಿ ಈ ಮಾತು?

ಬೆಂಗಳೂರಿನಿಂದ ಶುಕ್ರವಾರ ರಾತ್ರಿ ಹೊರಟು ಭಾನುವಾರ ಮರಳುವ ಅತಿಥಿಗಳ ವಿಚಾರ ನಮಗೆಲ್ಲ ಗೊತ್ತು. ಅವರಿಗೆ ನಮ್ಮ ಕಡುಬು, ಅಕ್ಕಿರೊಟ್ಟಿ, ಕೆಸುವಿನ ಪತ್ರೊಡೆ ಬೇಕು, ಅಡುಗೆಮನೆ ಬೇಡ. ನಾನು ಹೇಳುತ್ತಿರುವುದು ಬೇರೆ ದಿಕ್ಕಿನಿಂದ ಬರುವವರ ಬಗ್ಗೆ. ಗದಗ ಜಿಲ್ಲೆಯ ರೋಣ, ನರಗುಂದ, ಗಜೇಂದ್ರಗಡದ ಕಡೆಯ ಕುಟುಂಬಗಳನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಅದು ಎರೆನೆಲದ ಸೀಮೆ. ವರ್ಷಕ್ಕೆ ಆರು ನೂರು ಮಿಲಿಮೀಟರಿನ ಆಸುಪಾಸಿನ ಮಳೆ. ನಮ್ಮಲ್ಲಿ ಜುಲೈ ಒಂದೇ ತಿಂಗಳು ಅದನ್ನು ಸುರಿಸಿ ಮುಗಿಸುವುದುಂಟು. ಅಲ್ಲಿ ಮುಂಗಾರಿಗೆ ಹೆಸರು, ಶೇಂಗಾ, ಈರುಳ್ಳಿ. ಹಿಂಗಾರಿಗೆ ಜೋಳ, ಕಡಲೆ. ನರಗುಂದದ ಒಂದಷ್ಟು ನೆಲಕ್ಕೆ ಮಲಪ್ರಭೆಯ ಕಾಲುವೆಯ ನೀರಿದೆ. ಆ ನೀರಿನ ಕರದ ವಿಚಾರವಾಗಿಯೇ 1980ರ ಜುಲೈ 21ರಂದು ಅಲ್ಲಿ ರೈತರ ಬಂಡಾಯ ಸಿಡಿದು, ಗೋಲಿಬಾರಿನಲ್ಲಿ ರೈತರು ಪ್ರಾಣ ಕಳೆದುಕೊಂಡದ್ದು ನಾಡಿನ ಎಲ್ಲ ಬೆಳೆಗಾರರಿಗೂ ನೆನಪಿರಬೇಕಾದ ಸಂಗತಿ. ಅವರು ನಮ್ಮಂತೆಯೇ ಬೆಳೆಗಾರರು. ಬೆಳೆ ಬೇರೆ, ಬವಣೆ ಒಂದೇ.

ಅವರ ಬಿಡುವು ಯಾವಾಗ? ಹಿಂಗಾರಿ ಜೋಳ, ಕಡಲೆಗಳ ಸುಗ್ಗಿ ಫೆಬ್ರವರಿ, ಮಾರ್ಚಿನಲ್ಲಿ ಮುಗಿಯುತ್ತದೆ. ಯುಗಾದಿ ಕಳೆದ ಮೇಲೆ ಮುಂಗಾರಿ ಬಿತ್ತನೆಯವರೆಗೆ ಹೊಲದಲ್ಲಿ ಅಷ್ಟು ಕೆಲಸವಿಲ್ಲ, ಮಕ್ಕಳಿಗೂ ಶಾಲೆಯಿಲ್ಲ. ನಮ್ಮಲ್ಲಿ ಅರೇಬಿಕಾ ಕೊಯ್ಲು ಜನವರಿಯ ಹೊತ್ತಿಗೆ, ರೋಬಸ್ಟಾ ಫೆಬ್ರವರಿ, ಮಾರ್ಚಿನ ಹೊತ್ತಿಗೆ ಮುಗಿದಿರುತ್ತದೆ. ಅಡಿಕೆ ಸುಲಿತವೂ ಆಗಿರುತ್ತದೆ. ಅವರಿಗೆ ಬಿಡುವಾಗುವ ಹೊತ್ತಿಗೆ ನಮಗೂ ಬಿಡುವು. ರೈತನಿಗೆ ಶನಿವಾರ ಭಾನುವಾರದ ಕಟ್ಟು ಇಲ್ಲವಾದ್ದರಿಂದ ಸೋಮವಾರದಿಂದ ಗುರುವಾರದವರೆಗೆ ನಮ್ಮ ಕೋಣೆಗಳು ಖಾಲಿ ಬಿದ್ದಿರುವ ದಿನಗಳಲ್ಲೇ ಅವರು ಬರಬಲ್ಲರು.

ಅವರು ಬರುವುದು ಗಂಡ, ಹೆಂಡತಿ, ಒಂದು ಮಗು ಎಂದಲ್ಲ. ಅಜ್ಜ, ಅಮ್ಮ, ಇಬ್ಬರು ಅಣ್ಣತಮ್ಮಂದಿರ ಸಂಸಾರ, ಬೀಗರ ಮನೆಯ ಒಂದಿಬ್ಬರು, ಹೀಗೆ ಹತ್ತು ಹನ್ನೆರಡು ಜನ ಒಂದು ಕ್ರೂಸರ್ ಗಾಡಿ ಮಾಡಿಕೊಂಡು ಹೊರಡುತ್ತಾರೆ. ಶೃಂಗೇರಿ, ಹೊರನಾಡು, ಧರ್ಮಸ್ಥಳ, ಕುಕ್ಕೆ ಎಂದು ಕ್ಷೇತ್ರಗಳ ಸುತ್ತು ಹಾಕಿ, ದಾರಿಯಲ್ಲಿ ಗುಡ್ಡ ನೀರು ಹಸಿರು ನೋಡುವ ಆಸೆಯಿಂದ ನಮ್ಮ ಕಡೆ ಒಂದೆರಡು ರಾತ್ರಿ ತಂಗಬೇಕೆನ್ನುತ್ತಾರೆ. ಆ ಕಡೆಯಿಂದ ಫೋನು ಮಾಡುವವರು ಕೋಣೆ ಎಷ್ಟು ದೊಡ್ಡದು, ಟೀವಿ ಇದೆಯೇ ಎಂದು ಮೊದಲು ಕೇಳುವುದಿಲ್ಲ. ‘ರೊಟ್ಟಿ ಬಡ್ಯಾಕ ಒಂದ್ ಒಲಿ ಸಿಗತೈತೇನ್ರಿ?’ ಎಂಬುದು ಅವರ ಪ್ರಶ್ನೆ. ಇಲ್ಲ, ಊಟ ನಾವೇ ಕೊಡುತ್ತೇವೆ, ತಲೆಗೆ ಇಂತಿಷ್ಟು ಎಂದು ನಾವು ಹೇಳುತ್ತೇವೆ. ಮಾತು ಅಲ್ಲಿಗೆ ಮುಗಿಯುತ್ತದೆ.

ಒಲೆ ಹೊತ್ತು ಹೋಗುವ ಜನ

ಈ ಪ್ರಶ್ನೆಯ ಹಿಂದೆ ಜಿಪುಣತನ ಇದೆಯೆಂದು ಭಾವಿಸುವುದು ಸರಿಯಲ್ಲ. ಆ ಸೀಮೆಯಲ್ಲಿ ಪ್ರಯಾಣವೆಂದರೆ ಅಡುಗೆಮನೆಯೂ ಜೊತೆಗೆ ಹೊರಡುವುದೆಂದೇ ಅರ್ಥ. ನರಗುಂದಕ್ಕೆ ಹತ್ತಿರದ ಸವದತ್ತಿ ಎಲ್ಲಮ್ಮನ ಗುಡ್ಡಕ್ಕೆ ಬನದ ಹುಣ್ಣಿಮೆ, ಭರತ ಹುಣ್ಣಿಮೆಗಳಲ್ಲಿ ಹೋದವರು ನೋಡಿರಬಹುದು. ಹಿಂದೆ ಚಕ್ಕಡಿ, ಇಂದು ಟ್ರ್ಯಾಕ್ಟರು, ಟೆಂಪೊ. ಗಾಡಿ ನಿಲ್ಲಿಸಿದ ಕಡೆ ಮೂರು ಕಲ್ಲು ಹೂಡಿ ಒಲೆ ಹೊತ್ತಿಸುತ್ತಾರೆ. ಹೋಳಿಗೆ, ಕಡುಬು, ಬದನೆಕಾಯಿ ಪಲ್ಯ, ಅನ್ನ ಎಲ್ಲ ಅಲ್ಲೇ ಆಗಬೇಕು. ನೈವೇದ್ಯ ಹಿಡಿದು, ಪಡ್ಡಲಗಿ ತುಂಬಿಸಿ, ಆಮೇಲೆ ಪಕ್ಕದ ಗಾಡಿಯವರಿಗೂ ಕೊಟ್ಟು ಉಣ್ಣುತ್ತಾರೆ. ರೋಣಕ್ಕೆ ಹೊಂದಿದ ಬಾದಾಮಿ ತಾಲೂಕಿನ ಬನಶಂಕರಿ ಜಾತ್ರೆಗೂ ಬುತ್ತಿ ಕಟ್ಟಿಕೊಂಡೇ ಹೋಗುವುದು. ಸೀಗಿ ಹುಣ್ಣಿಮೆಗೆ, ಎಳ್ಳು ಅಮಾವಾಸ್ಯೆಗೆ ಊರಿಗೆ ಊರೇ ಹೊಲಕ್ಕೆ ನಡೆದು, ಚರಗ ಚೆಲ್ಲಿ, ಅಲ್ಲೇ ಕುಳಿತು ಉಣ್ಣುತ್ತದೆ. ಮನೆಯ ಅಡುಗೆಯನ್ನು ಮನೆಯ ಹೊರಗೆ ಒಯ್ದು ಎಲ್ಲರೂ ಕೂಡಿ ಉಣ್ಣುವುದೇ ಅವರಿಗೆ ಹಬ್ಬ. ಆ ಸುಖವನ್ನು ತೆಗೆದುಬಿಟ್ಟರೆ ಪ್ರವಾಸದಲ್ಲಿ ಅರ್ಧ ಕಳೆದಂತೆ.

ಎರಡನೆಯ ಕಾರಣ ಹೊಟ್ಟೆಯದು. ಊಟ ತನ್ನಿಚ್ಛೆ, ನೋಟ ಪರರಿಚ್ಛೆ ಎಂದು ಗಾದೆಯೇ ಇದೆ. ದಿನಕ್ಕೆ ಎರಡು ಹೊತ್ತು ಜೋಳದ ರೊಟ್ಟಿ ಉಂಡು ಬೆಳೆದವರಿಗೆ ಮೂರು ದಿನ ಸತತವಾಗಿ ಅನ್ನ, ತೆಂಗಿನಕಾಯಿ ಸಾರು ಎಂದರೆ ಹೊಟ್ಟೆ ತುಂಬಿದರೂ ಉಂಡಂತಾಗುವುದಿಲ್ಲ. ವಯಸ್ಸಾದವರಿಗಂತೂ ಕಷ್ಟವೇ. ಹಾಗಾದರೆ ನಾವೇ ರೊಟ್ಟಿ ಮಾಡಿಕೊಡಬಾರದೇಕೆ ಎಂದು ಕೇಳಬಹುದು. ಜೋಳದ ರೊಟ್ಟಿ ಪುಸ್ತಕ ಓದಿ ಬರುವ ವಿದ್ಯೆಯಲ್ಲ. ಹಿಟ್ಟು ಹೊಸದಾಗಿರಬೇಕು, ಬೀಸಿ ಬಹಳ ದಿನವಾದರೆ ಜಿಗಿ ಹೋಗಿ, ಬಡಿಯುವಾಗ ಅಂಚು ಒಡೆಯುತ್ತದೆ. ಎಸರು ಕುದಿಯಬೇಕು, ಕೈ ತಾಳುವಷ್ಟು ಬಿಸಿಯಲ್ಲೇ ನಾದಬೇಕು, ಹಂಚಿನ ಮೇಲೆ ಹಾಕಿದ ಕೂಡಲೇ ನೀರು ಸವರಬೇಕು, ಉರಿ ಜೋರಾಗಿರಬೇಕು. ನಮ್ಮ ಅಂಗಡಿಗಳಲ್ಲಿ ಸಿಗುವ ಪ್ಯಾಕೆಟ್ಟಿನ ಹಿಟ್ಟು ಯಾವ ತಿಂಗಳು ಬೀಸಿದ್ದೋ! ಅವರು ಹಿಟ್ಟನ್ನೂ ತರುತ್ತಾರೆ, ಕೈಯನ್ನೂ ತರುತ್ತಾರೆ. ಬೇಕಾದದ್ದು ಉರಿ ಮಾತ್ರ.

ಕಟಕ್ ರೊಟ್ಟಿ ಕಟ್ಟಿಕೊಂಡು ಬರುತ್ತಾರಲ್ಲ, ಅದು ಸಾಲದೇ ಎನ್ನುವವರೂ ಇದ್ದಾರೆ. ರೋಣದ ಒಣಹವೆಯಲ್ಲಿ ವಾರಗಟ್ಟಲೆ ಗರಿಗರಿಯಾಗಿ ಉಳಿಯುವ ಆ ರೊಟ್ಟಿ, ಮಳೆಗಾಲದಲ್ಲಾಗಲಿ ಮಂಜು ಬೀಳುವ ಕಾಲದಲ್ಲಾಗಲಿ ನಮ್ಮ ಕಡೆಯ ಹವೆಗೆ ಎರಡು ದಿನದಲ್ಲಿ ಮೆತ್ತಗಾಗುತ್ತದೆ. ಕಾಫಿ ಬೀಜವನ್ನು ಕಣದಲ್ಲಿ ಒಣಗಿಸಿ ತೇವ ನೋಡುವ ನಮಗೆ ಇದನ್ನು ವಿವರಿಸಬೇಕಿಲ್ಲ. ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಅಗಸಿ ಚಟ್ನಿ ಪುಡಿಗಳು ಉಳಿದಾವು. ಆದರೆ ಬಿಸಿ ರೊಟ್ಟಿಗೆ ಬದಲಿಲ್ಲ.

ಹಳೆಯ ವ್ಯವಸ್ಥೆಯಲ್ಲಿ ಒಳ್ಳೆಯದು ಯಾವುದು, ಬಿಡಬೇಕಾದ್ದು ಯಾವುದು

ಪ್ರವಾಸಿಗೆ ಒಲೆ ಕೊಡುವುದು ಹೊಸ ವಿಚಾರವೇನೂ ಅಲ್ಲ. ನಮ್ಮ ಹಿರಿಯರ ಕಾಲದ ಛತ್ರ, ಧರ್ಮಶಾಲೆಗಳಲ್ಲಿ ಎರಡು ಬಗೆಯ ಸತ್ಕಾರವಿತ್ತು. ಒಂದು, ಬೇಯಿಸಿದ ಅನ್ನವನ್ನು ಬಡಿಸುವುದು. ಇನ್ನೊಂದು, ಅಕ್ಕಿ ಬೇಳೆ ಉಪ್ಪು ಸೌದೆಗಳ ಪಡಿ ಕೊಟ್ಟು, ಒಲೆ ತೋರಿಸಿ, ದಾರಿಹೋಕನೇ ಬೇಯಿಸಿಕೊಳ್ಳಲು ಬಿಡುವುದು. ಸದಾವರ್ತಿ ಎಂದರೆ ಬಹಳ ಕಡೆ ಈ ಎರಡನೆಯದೇ. ಪಡಿ ಕೊಟ್ಟವನಿಗೆ ಅತಿಥಿ ಸತ್ಕಾರದ ಪುಣ್ಯ ಕಡಿಮೆಯಾಯಿತೆಂದು ಯಾರೂ ಹೇಳಲಿಲ್ಲ. ಆದ್ದರಿಂದ ಅಡುಗೆ ಮಾಡಿಕೊಳ್ಳುತ್ತೇನೆ ಎಂದ ಅತಿಥಿ ನಮ್ಮ ಮನೆಯ ಅನ್ನವನ್ನು ತಿರಸ್ಕರಿಸಿದನೆಂದು ಮುನಿಯಬೇಕಾಗಿಲ್ಲ.

ಆದರೆ ಆ ಹಳೆಯ ಪದ್ಧತಿಯ ಬೇರಿನಲ್ಲಿ ಮಡಿ ಮೈಲಿಗೆಯೂ ಇತ್ತೆಂಬುದನ್ನು ಮುಚ್ಚಿಡಬಾರದು. ಒಬ್ಬರು ಮುಟ್ಟಿದ್ದನ್ನು ಇನ್ನೊಬ್ಬರು ಉಣ್ಣುವುದಿಲ್ಲವೆಂಬ ಕಾರಣಕ್ಕೇ ಎಷ್ಟೋ ಜನ ತಮ್ಮ ಅಡುಗೆ ತಾವು ಮಾಡಿಕೊಂಡರು. ಎಷ್ಟೋ ಜನರಿಗೆ ಛತ್ರದ ಬಾಗಿಲೇ ತೆರೆಯಲಿಲ್ಲ. ನಾವು ಒಲೆ ಕೊಡುವುದು ಆ ಗೋಡೆಯನ್ನು ಮತ್ತೆ ಕಟ್ಟುವುದಕ್ಕಲ್ಲ. ಅಡುಗೆಮನೆ ಕೊಡುವ ಮುನ್ನ ಜಾತಿ ಕೇಳುವುದು, ಅಡ್ಡಹೆಸರು ನೋಡಿ ಕೋಣೆ ಇಲ್ಲವೆನ್ನುವುದು ನಾಚಿಕೆಗೇಡು. ನಿಮ್ಮ ಅಡುಗೆಮನೆಯಲ್ಲಿ ಮಾಂಸ ಬೇಯಿಸಬಾರದೆಂದಿದ್ದರೆ ಅದನ್ನು ಬಾಡಿಗೆ ಹೇಳುವಾಗಲೇ ಎಲ್ಲರಿಗೂ ಒಂದೇ ಸಮನಾಗಿ ಹೇಳಿ. ಅದು ಮನೆಯ ನಿಯಮ, ಅದರಲ್ಲಿ ತಪ್ಪಿಲ್ಲ. ಹಾಗೆಯೇ ಬರುವವರಲ್ಲಿ ಶಾಕಾಹಾರಿಗಳಿದ್ದು ಪಾತ್ರೆಗಳ ಬಗ್ಗೆ ಸಂಕೋಚಪಟ್ಟರೆ ಒಂದು ಜೊತೆ ಪಾತ್ರೆ ಬೇರೆ ಇಡುವುದು ಸೌಜನ್ಯ. ರುಚಿಗೆ ಮರ್ಯಾದೆ ಕೊಡೋಣ, ಜಾತಿಗೆ ಬೇಡ.

ಒಲೆ ಕೊಡದಿದ್ದರೆ ಒಲೆ ಎಲ್ಲಿ ಹೊತ್ತುತ್ತದೆ?

ನಾವು ಇಲ್ಲವೆಂದ ಮಾತ್ರಕ್ಕೆ ಅವರ ಅಡುಗೆ ನಿಲ್ಲುವುದಿಲ್ಲ. ಘಾಟಿ ರಸ್ತೆಯ ತಿರುವಿನಲ್ಲಿ, ಹಳ್ಳದ ದಂಡೆಯಲ್ಲಿ, ತೋಟದ ಬೇಲಿಗೆ ತಾಗಿದ ಮರದ ನೆರಳಿನಲ್ಲಿ ಗಾಡಿ ನಿಲ್ಲಿಸಿ ಮೂರು ಕಲ್ಲು ಹೂಡುತ್ತಾರೆ. ಎಲ್ಲಮ್ಮನ ಗುಡ್ಡದ ಬೋಳು ಬಯಲಿನಲ್ಲಿ ಅದರಿಂದ ಅಪಾಯ ಕಡಿಮೆ. ನಮ್ಮಲ್ಲಿ ಮಾರ್ಚ್, ಏಪ್ರಿಲ್‌ನ ಒಣ ತರಗೆಲೆಯ ಮೇಲೆ ಅದೇ ಮೂರು ಕಲ್ಲು ಒಂದು ಗುಡ್ಡವನ್ನು ಸುಡಬಲ್ಲದು. ಆರಿಸದೆ ಬಿಟ್ಟ ಒಂದು ಕೊಳ್ಳಿ, ಮಧ್ಯಾಹ್ನದ ಗಾಳಿ, ಇಷ್ಟು ಸಾಕು. ಹುಲ್ಲು ಹೊತ್ತಿ, ಬೇಲಿ ದಾಟಿ, ನೆರಳು ಮರದ ಬುಡದ ತರಗಿಗೆ ಬಂದರೆ ಹತ್ತು ವರ್ಷದ ಕಾಫಿ ಗಿಡ ಹೋಗಲು ಒಂದು ಗಂಟೆ ಬೇಡ. ಆಮೇಲೆ ಉಳಿಯುವ ಪ್ಲಾಸ್ಟಿಕ್ ತಟ್ಟೆ, ಎಣ್ಣೆಯ ಪೊಟ್ಟಣ, ಹಳ್ಳಕ್ಕೆ ಚೆಲ್ಲಿದ ಮುಸುರೆ ಬೇರೆ.

ನಾವು ಇದಕ್ಕೆ ಬೈಯುತ್ತೇವೆ, ಫಲಕ ಹಾಕುತ್ತೇವೆ, ಪೊಲೀಸರಿಗೆ ಹೇಳುತ್ತೇವೆ. ಅದೆಲ್ಲ ಬೇಕಾದದ್ದೇ. ಆದರೆ ಹನ್ನೆರಡು ಜನರ ಸಂಸಾರ ಹೊತ್ತು ಮುಳುಗುವ ಸಮಯಕ್ಕೆ ಹಿಟ್ಟು, ಹಂಚು, ಹಸಿವು ಮೂರನ್ನೂ ಇಟ್ಟುಕೊಂಡು ಎಲ್ಲಿಗೆ ಹೋಗಬೇಕೆಂಬುದಕ್ಕೆ ನಮ್ಮಲ್ಲಿ ಉತ್ತರವಿಲ್ಲ. ಸುರಕ್ಷಿತವಾದ ಒಂದು ಒಲೆ, ಒಂದು ನಲ್ಲಿ, ಒಂದು ಕಸದ ಗುಂಡಿ ಇರುವ ಜಾಗವನ್ನು ನ್ಯಾಯವಾದ ಬಾಡಿಗೆಗೆ ಕೊಡುವುದೇ ಆ ಉತ್ತರ.

ಮನೆಯಾಕೆಯ ಲೆಕ್ಕ

ಹೋಂ ಸ್ಟೇಯ ಲೆಕ್ಕಪುಸ್ತಕದಲ್ಲಿ ಒಂದು ಬಾಬು ಕಾಣುವುದೇ ಇಲ್ಲ. ಅದು ಮನೆಯ ಹೆಂಗಸರ ದುಡಿಮೆ. ಹತ್ತು ಜನ, ಎರಡು ದಿನ, ದಿನಕ್ಕೆ ಮೂರು ಹೊತ್ತು ಎಂದರೆ ಅರವತ್ತು ಎಲೆ. ನಡುನಡುವೆ ಕಾಫಿ, ಕುರುಕಲು ತಿಂಡಿ, ಒಬ್ಬರಿಗೆ ಖಾರ ಕಡಿಮೆ, ಇನ್ನೊಬ್ಬರಿಗೆ ಸಕ್ಕರೆ ಇಲ್ಲದ ಚಹಾ. ಅಡುಗೆಗೆ ಆಳು ಸಿಗುವುದು ಇಂದು ಕೊಯ್ಲಿಗೆ ಆಳು ಸಿಗುವುದಕ್ಕಿಂತ ಕಷ್ಟ. ಕಣದ ಕಾಫಿ ಮಗುಚಿಸಿ, ಆಳುಗಳ ಲೆಕ್ಕ ನೋಡಿ, ದನ ಕರು ಮಕ್ಕಳನ್ನು ನೋಡಿ, ಆಮೇಲೆ ಈ ಅರವತ್ತು ಎಲೆ. ಅತಿಥಿ ಮರಳುವಾಗ ಯಜಮಾನರ ಕೈ ಕುಲುಕಿ ಊಟ ಬಹಳ ಚೆನ್ನಾಗಿತ್ತು ಎನ್ನುತ್ತಾನೆ. ಹೋಂ ಸ್ಟೇ ನಿಲ್ಲಿಸಿದ ಮನೆಗಳಲ್ಲಿ ವಿಚಾರಿಸಿ ನೋಡಿ. ಅತಿಥಿಗಳು ಬಾರದೆ ನಿಂತದ್ದಕ್ಕಿಂತ ಅಡುಗೆಮನೆ ಸುಸ್ತಾಗಿ ನಿಂತದ್ದೇ ಹೆಚ್ಚಿರಬಹುದು.

ಇನ್ನು ಹಣದ ಲೆಕ್ಕ. ಲೆಕ್ಕಕ್ಕಾಗಿ ಮಾತ್ರ ಹೀಗೆ ಹಿಡಿಯೋಣ. ಊಟಸಹಿತ ತಲೆಗೆ 1,500 ರೂಪಾಯಿಯಂತೆ ಹತ್ತು ಜನಕ್ಕೆ ರಾತ್ರಿಗೆ 15,000. ಇದರಲ್ಲಿ ದಿನಸಿ, ಗ್ಯಾಸು, ಆಳಿನ ಕೂಲಿ ಕಳೆಯಬೇಕು, ಮನೆಯಾಕೆಯ ದುಡಿಮೆಯನ್ನೂ ಕಳೆಯಬೇಕು. ಒಲೆಸಹಿತ ಮನೆಗೆ 5,000, ಜೊತೆಗೆ ನಮ್ಮಿಂದ ಕೊಳ್ಳುವ ಹಾಲು ತರಕಾರಿ ಇತ್ಯಾದಿಗೆ 1,500 ಎಂದು ಹಿಡಿದರೆ 6,500. ಖರ್ಚು ಕಡಿಮೆ, ಶ್ರಮ ಇನ್ನೂ ಕಡಿಮೆ. 15,000 ಕೊಡುವವರು ಬರುವ ಶನಿವಾರ ಅವರಿಗೇ ಕೊಡಿ, ಯಾರು ಬೇಡವೆಂದರು? ಆದರೆ ಏಪ್ರಿಲ್ ತಿಂಗಳ ಮಂಗಳವಾರ ನಮ್ಮ ಎದುರಿಗಿರುವುದು 15,000 ಮತ್ತು 6,500ರ ನಡುವಿನ ಆಯ್ಕೆಯಲ್ಲ. 6,500 ಮತ್ತು ಸೊನ್ನೆಯ ನಡುವಿನ ಆಯ್ಕೆ. ಅತ್ತ ರೋಣದ ರೈತನಿಗೂ 15,000 ಎಂದರೆ ಕಡಲೆಯ ಎಷ್ಟು ಚೀಲವೆಂದು ಮನಸ್ಸು ಎಣಿಸುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚುವವನಿಗೆ ಅವನ ಅಳತೆಯ ಹಾಸಿಗೆಯೂ ನಮ್ಮಲ್ಲಿ ಇರಲಿ.

ಹೊರದೇಶದ ಒಂದು ಉದಾಹರಣೆ

ಫ್ರಾನ್ಸ್ ದೇಶದಲ್ಲಿ ಎರಡನೆಯ ಮಹಾಯುದ್ಧದ ತರುವಾಯ ಹಳ್ಳಿಗಳಿಂದ ಜನ ಪಟ್ಟಣ ಸೇರತೊಡಗಿ, ರೈತರ ಹಳೆಯ ಮನೆಗಳು, ಕೊಟ್ಟಿಗೆಗಳು ಪಾಳು ಬೀಳತೊಡಗಿದವು. ಅವುಗಳನ್ನು ದುರಸ್ತಿ ಮಾಡಿ, ಒಳಗೆ ಅಡುಗೆಮನೆ ಇಟ್ಟು, ಪಟ್ಟಣದ ಸಾಧಾರಣ ಸಂಸಾರಗಳಿಗೆ ರಜೆಯಲ್ಲಿ ಬಾಡಿಗೆಗೆ ಕೊಡುವ ಪದ್ಧತಿ ಅಲ್ಲಿ ಬೆಳೆಯಿತು. ಅಂಥ ಮನೆಗೆ ಅವರು ಝೀತ್ ಎನ್ನುತ್ತಾರೆ. ಹೆಸರು ಕೇಳಿ ನಮ್ಮ ಜೀತ ಎಂದುಕೊಳ್ಳಬೇಡಿ. ರೈತನನ್ನು ಜೀತದಿಂದ ಬಿಡಿಸುವಂಥದ್ದೇ ಅದು. 1955ರಲ್ಲಿ ಇಂಥ ಮನೆಗಳವರೆಲ್ಲ ಸೇರಿ ಝೀತ್ ದ ಫ್ರಾನ್ಸ್ ಎಂಬ ಒಕ್ಕೂಟವನ್ನು ಕಟ್ಟಿಕೊಂಡರು. ಮನೆ ಹೇಗಿರಬೇಕೆಂಬ ನಿಯಮ, ದರ್ಜೆ, ಪಟ್ಟಿ ಎಲ್ಲವನ್ನೂ ಒಕ್ಕೂಟವೇ ನೋಡಿಕೊಂಡಿತು. ಅತಿಥಿ ಬೆಣ್ಣೆ, ಮೊಟ್ಟೆ, ತರಕಾರಿಗಳನ್ನು ಸುತ್ತಲಿನ ರೈತರಿಂದಲೇ ಕೊಳ್ಳುತ್ತಾನೆ. ಬೇಯಿಸಿಕೊಳ್ಳುವುದು ಅವನ ಕೆಲಸ. ಒಬ್ಬೊಬ್ಬನೇ ಬೆಳೆಗಾರ ಮಾಡಲಾಗದ್ದನ್ನು ಸಂಘ ಮಾಡಿತು ಎಂಬುದೇ ನಮಗೆ ಇದರಲ್ಲಿರುವ ಪಾಠ.

ಮಾಡುವುದಾದರೆ ಹೇಗೆ?

ಕೆಲವು ಸಲಹೆಗಳನ್ನು ಕೊಡುತ್ತೇನೆ. ಅನುಭವಸ್ಥ ಸದಸ್ಯರು ಇವಕ್ಕೆ ಸೇರಿಸಲಿ, ತಿದ್ದಲಿ.

1. ಅತಿಥಿಯ ಒಲೆ ನಮ್ಮ ಅಡುಗೆಮನೆಯಲ್ಲಿ ಬೇಡ. ಅಂಗಳದ ಒಂದು ಬದಿ, ಹಳೆಯ ಬಚ್ಚಲುಕೊಟ್ಟಿಗೆ, ಉಗ್ರಾಣದ ಮುಂದಿನ ಪಡಸಾಲೆ, ಯಾವುದಾದರೂ ಸರಿ. ಹೆಂಚಿನ ಮಾಡು, ಸಿಮೆಂಟಿನ ನೆಲ, ಎರಡು ಕಡೆ ಗಾಳಿ ಇದ್ದರೆ ಸಾಕು. ಆದರೆ ತೋಟದ ಕಾರ್ಮಿಕರು ಇರುವ, ಇರಬೇಕಾದ ಲೈನ್ ಮನೆಯನ್ನು ತೆರವು ಮಾಡಿ ಪ್ರವಾಸಿಗರಿಗೆ ಕೊಡುವುದು ಅನ್ಯಾಯ. ಕೊಯ್ಲಿಗೆ ನಮ್ಮಲ್ಲಿಗೆ ಬರುವವರಲ್ಲಿ ಉತ್ತರ ಕರ್ನಾಟಕದ ಕುಟುಂಬಗಳೂ ಇವೆ. ದುಡಿಯಲು ಬಂದವರ ಒಲೆ ಆರಿಸಿ, ನೋಡಲು ಬಂದವರ ಒಲೆ ಹೊತ್ತಿಸಬಾರದು.

2. ಗ್ಯಾಸ್ ಇಡುವುದಾದರೆ ಮನೆಬಳಕೆಯ 14.2 ಕಿಲೋ ಸಿಲಿಂಡರನ್ನು ಬಾಡಿಗೆ ವ್ಯವಹಾರಕ್ಕೆ ಬಳಸಬೇಡಿ. 19 ಕಿಲೋ ತೂಕದ ವಾಣಿಜ್ಯ ಸಿಲಿಂಡರನ್ನೇ ಇಡಿ. ಸಿಲಿಂಡರ್ ಗೋಡೆಯ ಹೊರಗಿರಲಿ. ಈ ಅನಿಲ ಗಾಳಿಗಿಂತ ಭಾರ, ಸೋರಿದರೆ ನೆಲಮಟ್ಟದಲ್ಲಿ ನಿಲ್ಲುತ್ತದೆ. ಆದ್ದರಿಂದ ಗೋಡೆಯ ಮೇಲ್ಭಾಗದಲ್ಲಷ್ಟೇ ಅಲ್ಲ, ಕೆಳಗೂ ಗಾಳಿಕಿಂಡಿ ಇರಬೇಕು. ನಳಿಕೆಯನ್ನು ಕಾಲಕಾಲಕ್ಕೆ ಬದಲಿಸಿ.

3. ಸೌದೆ ಒಲೆಯಾದರೆ ಮೂರು ಕಲ್ಲಿನದು ಬೇಡ, ಹೊಗೆಕೊಳವೆ ಇರುವ ಒಲೆ ಇರಲಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ಅಸ್ತ್ರ ವಿಭಾಗದವರು ರೂಪಿಸಿದ ಅಸ್ತ್ರ ಒಲೆ ಕಡಿಮೆ ಸೌದೆಗೆ ಹೆಚ್ಚು ಶಾಖ ಕೊಡುವಂಥದ್ದು. ಬೋಳಿಸಿದ ಕಾಫಿ ಗಿಡದ ಒಣ ಸೌದೆ ನಮ್ಮಲ್ಲಿ ಬೇಕಾದಷ್ಟಿದೆ. ಗೋಬರ್ ಗ್ಯಾಸ್ ಇರುವವರು ಅದರಿಂದ ಒಂದು ಕೊಳವೆ ಎಳೆಯಬಹುದು. ಒಲೆಯ ಪಕ್ಕ ಒಂದು ಬಕೆಟ್ ಮರಳು, ಒಂದು ಬಕೆಟ್ ನೀರು ಸದಾ ಇರಲಿ. ಒಲೆ ಬಿಟ್ಟು ಬೇರೆ ಎಲ್ಲೂ ಬೆಂಕಿ ಕೂಡದೆಂದು ಬಂದ ಕೂಡಲೇ ಹೇಳಿ.

4. ಪಾತ್ರೆ ಹೆಚ್ಚು ಬೇಡ. ದೊಡ್ಡ ಕಬ್ಬಿಣದ ಹಂಚು, ಹಿಟ್ಟು ನಾದಲು ಅಗಲವಾದ ಪರಾತ, ಎರಡು ದೊಡ್ಡ ಪಾತ್ರೆ, ಒಂದು ಕುಕ್ಕರ್, ಸೌಟು, ಈಳಿಗೆ. ವಿದ್ಯುತ್ತಿನ ಒಲೆಯೊಂದೇ ಇಟ್ಟು ಅಡುಗೆಮನೆ ಇದೆ ಎನ್ನಬೇಡಿ. ರೊಟ್ಟಿಗೆ ಉರಿ ಬೇಕು. ಉಣ್ಣಲು ಅಡಿಕೆ ಹಾಳೆಯ ತಟ್ಟೆ ಕೊಡಿ. ನಮ್ಮ ತೋಟದಲ್ಲೇ ಬಿದ್ದದ್ದು, ಮತ್ತೆ ನಮ್ಮ ಗೊಬ್ಬರ ಗುಂಡಿಗೇ ಹೋಗುತ್ತದೆ.

5. ಹಿಂದಿನ ಪಡಿಯನ್ನು ಹೊಸ ರೀತಿಯಲ್ಲಿ ತರಬಹುದು. ಹಾಲು, ಮೊಸರು, ತೆಂಗಿನಕಾಯಿ, ಬಾಳೆ, ಹಿತ್ತಿಲ ತರಕಾರಿ, ಕಾಳುಮೆಣಸು, ಕಾಫಿಪುಡಿ ಇಟ್ಟು ಒಂದು ಬುಟ್ಟಿ, ಅದಕ್ಕೊಂದು ದರ. ಅವರದು ಚಹಾದ ಸೀಮೆ. ಅಡುಗೆಮನೆಯಲ್ಲಿ ಒಂದು ಕಾಫಿ ಫಿಲ್ಟರ್ ಇಟ್ಟು, ಡಿಕಾಕ್ಷನ್ ಇಳಿಸುವುದನ್ನು ತೋರಿಸಿಕೊಟ್ಟರೆ ಎರಡು ದಿನದಲ್ಲಿ ಒಂದು ಸಂಸಾರಕ್ಕೆ ಕಾಫಿಯ ರುಚಿ ಹತ್ತುತ್ತದೆ. ಮರಳುವಾಗ ಅರ್ಧ ಕಿಲೋ ಪುಡಿ ಕೊಂಡೊಯ್ಯುತ್ತಾರೆ. ದೇಶದೊಳಗೆ ಕಾಫಿ ಕುಡಿಯುವವರು ಹೆಚ್ಚಬೇಕೆಂದು ಸಭೆಗಳಲ್ಲಿ ಭಾಷಣ ಮಾಡುವುದಕ್ಕಿಂತ ಇದು ಮೇಲು.

6. ಪ್ರವಾಸೋದ್ಯಮ ಇಲಾಖೆಯ ನೋಂದಣಿ, ಬಂದವರ ಹೆಸರಿನ ವಹಿ ಇಲ್ಲದೆ ಯಾರೂ ಇದಕ್ಕೆ ಕೈಹಾಕಬಾರದು. ಹೋಂ ಸ್ಟೇ ಎಂದಾದರೆ ಮಾಲೀಕನ ಕುಟುಂಬ ಅಲ್ಲೇ ವಾಸವಾಗಿರಬೇಕು. ಕೇಂದ್ರ ಸರ್ಕಾರದ ಯೋಜನೆಯಲ್ಲಿ ಒಂದರಿಂದ ಆರು ಕೋಣೆಗಳಿಗೆ ಅವಕಾಶ. ಒಲೆ ಕೊಟ್ಟು ಬೀಗದ ಕೈ ಕೊಟ್ಟು ನಾವು ಊರು ಬಿಡುವುದಲ್ಲ ಇದು.

ಅಡುಗೆಮನೆಯನ್ನು ಹೊಲಸು ಮಾಡಿ ಹೋದರೆ ಏನು ಮಾಡುವುದೆಂಬ ಆಕ್ಷೇಪ ಬಂದೇ ಬರುತ್ತದೆ. ಸ್ವಲ್ಪ ಮುಂಗಡ ಹಿಡಿದು, ಶುಚಿಯಾಗಿ ಬಿಟ್ಟವರಿಗೆ ಹಿಂದಿರುಗಿಸಿ. ಅಡುಗೆ ಮಾಡಿಕೊಳ್ಳುವ ಸಂಸಾರ ಸಾಮಾನ್ಯವಾಗಿ ಒಲೆಯನ್ನು ಒರೆಸಿಯೇ ಎದ್ದೇಳುತ್ತದೆ. ಒಲೆ ಅವರಿಗೂ ದೇವರೇ. ನಮ್ಮ ಮಲೆನಾಡಿನ ಅಡುಗೆಯ ಪರಿಚಯ ಅವರಿಗಾಗುವುದಿಲ್ಲವೆಂಬ ಇನ್ನೊಂದು ಆಕ್ಷೇಪವೂ ಇದೆ. ಒಂದು ಹೊತ್ತಿನ ಊಟ ಬೇಕೆಂದವರಿಗೆ ಕೊಡಿ. ಅವರ ರೊಟ್ಟಿ ನಮ್ಮ ಮನೆಗೆ, ನಮ್ಮ ಕಡುಬು ಅವರ ಎಲೆಗೆ ಹೋಗುವುದು ಬೆಲೆಪಟ್ಟಿಯಿಂದಲ್ಲ, ಎರಡು ಒಲೆಗಳು ಒಂದೇ ಅಂಗಳದಲ್ಲಿ ಹೊತ್ತಿದಾಗ.

ನಾವು ಆ ಕಡೆ ಹೋದಾಗ

ಈ ಮಾತಿನ ಇನ್ನೊಂದು ಮಗ್ಗುಲನ್ನೂ ನೋಡಬೇಕು. ನಮ್ಮ ಸದಸ್ಯರು ಬಾದಾಮಿ, ಪಟ್ಟದಕಲ್ಲು ಎಂದು ಹೋಗಿ ಅಲ್ಲಿಂದಲೇ ತಿರುಗಿ ಬರುತ್ತಾರೆ. ಇನ್ನೊಂದು ದಿನ ಕೈಯಲ್ಲಿದ್ದರೆ ಗಜೇಂದ್ರಗಡದ ಗುಡ್ಡದ ಒಡಲಿನಲ್ಲಿರುವ ಕಾಲಕಾಲೇಶ್ವರನನ್ನೂ, ಬರದ ಸೀಮೆಯಲ್ಲೂ ಬತ್ತದ ಅಲ್ಲಿನ ಅಂತರಗಂಗೆಯನ್ನೂ ನೋಡಬಹುದು. ಸೂಡಿಯ ಜೋಡು ಕಳಸದ ಗುಡಿ, ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ನಾಗಕುಂಡ ಚಾಲುಕ್ಯರ ಕಾಲದ ಕೆಲಸ. 1858ರಲ್ಲಿ ಬಾಬಾಸಾಹೇಬ ಬ್ರಿಟಿಷರ ವಿರುದ್ಧ ತಿರುಗಿಬಿದ್ದ ನರಗುಂದದ ಗುಡ್ಡವಿದೆ. ಗಜೇಂದ್ರಗಡದ ಕೈಮಗ್ಗದ ಪಟ್ಟೇದಂಚು ಸೀರೆ ಇದೆ. ಇವನ್ನೆಲ್ಲ ನೋಡುತ್ತ ಎರಡು ದಿನ ಖಾರ ಉಂಡ ಮೇಲೆ ನಮ್ಮ ಮನೆಯ ಹಿರಿಯರೂ ಒಂದು ಹಿಡಿ ಅಕ್ಕಿಯ ಗಂಜಿ, ಒಂದು ಲೋಟ ಕಷಾಯಕ್ಕೆ ಒಲೆ ಎಲ್ಲಿ ಸಿಕ್ಕೀತೆಂದು ಕೇಳುವವರೇ. ಅವರು ನಮ್ಮಲ್ಲಿ ಕೇಳುವ ಪ್ರಶ್ನೆಯೇ ಅದು, ರೊಟ್ಟಿಯ ಬದಲು ಗಂಜಿ ಅಷ್ಟೇ.

ಆದ್ದರಿಂದ ಸಂಘದ ಆಡಳಿತ ಮಂಡಳಿಯವರಲ್ಲಿ ಎರಡು ವಿನಂತಿ. ಮುಂದಿನ ಸರ್ವಸಾಧಾರಣ ಸಭೆಯ ಕಾರ್ಯಸೂಚಿಯಲ್ಲಿ ಈ ವಿಷಯವನ್ನು ಸೇರಿಸಿ, ಒಲೆಸಹಿತ ಮನೆ ಕೊಡಲು ಮನಸ್ಸಿರುವ ಐದಾರು ಸದಸ್ಯರನ್ನು ಗುರುತಿಸಿ, ಬರುವ ಯುಗಾದಿಯಿಂದ ಮಳೆ ಹಿಡಿಯುವವರೆಗೆ ಒಂದು ಹಂಗಾಮು ಪರೀಕ್ಷೆ ನಡೆಸಲಿ. ದರ, ಸುರಕ್ಷತೆ, ಶುಚಿಯ ನಿಯಮಗಳು ಎಲ್ಲರಿಗೂ ಒಂದೇ ಇರಲಿ. ಎರಡನೆಯದಾಗಿ, ರೋಣ, ನರಗುಂದ, ಗಜೇಂದ್ರಗಡದ ಕಡೆಯ ಸಹಕಾರಿ ಸಂಘಗಳಿಗೆ ಒಂದು ಪತ್ರ ಬರೆದು, ನಮ್ಮಲ್ಲಿ ಇಂಥ ವ್ಯವಸ್ಥೆ ಇದೆ, ನಮ್ಮ ಸದಸ್ಯರು ಬಂದಾಗ ನಿಮ್ಮಲ್ಲೂ ಒಂದು ಮನೆ, ಒಂದು ಒಲೆ ಸಿಗುವಂತೆ ಮಾಡಿ ಎಂದು ಕೇಳಲಿ. ರೈತ ರೈತನ ಮನೆಯಲ್ಲಿ ತಂಗಿದರೆ ಇಬ್ಬರ ಹಣವೂ ರೈತರಲ್ಲೇ ಉಳಿಯುತ್ತದೆ. ಪರೀಕ್ಷೆ ಮುಗಿದ ಮೇಲೆ ಲಾಭ ನಷ್ಟದ ಲೆಕ್ಕವನ್ನು ಈ ಪತ್ರಿಕೆಯಲ್ಲೇ ಪ್ರಕಟಿಸಲಿ. ಆ ಲೆಕ್ಕವನ್ನು ಬರೆಯುವಾಗ ಯಜಮಾನರನ್ನು ಮಾತ್ರವಲ್ಲ, ಅಡುಗೆಮನೆಯವರನ್ನೂ ಕೇಳಿ ಬರೆಯಲಿ.